ಐವತ್ತೆರಡು ಎಲೆಗಳ ಬೆನ್ನುಹತ್ತಿ ಚೆನ್ನೈಗೆ

ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಇಸ್ಪೀಟಿನ ಮಾತೇ ಎಂದು ಹಿರಿಯ ವಾಚಕರು ಹುಬ್ಬು ಗಂಟಿಕ್ಕಬಹುದು. ಅವರ ಅಸಮಾಧಾನವನ್ನು ನಾವು ಚೆನ್ನಾಗಿ ಬಲ್ಲೆವು. ನಮ್ಮ ತಂದೆಯವರದೂ ಅದೇ ಆಗಿತ್ತು. ನಂಜನಗೂಡು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಯುಗಾದಿಯ ರಾತ್ರಿ ಕಂದೀಲಿನ ಬೆಳಕಿನಲ್ಲಿ ಮೂರೆಲೆಯ ಆಟ ಕಟ್ಟುತ್ತಿತ್ತು. ದಾಯಾದಿಗಳಲ್ಲಿ ಒಬ್ಬರು ಒಂದೇ ರಾತ್ರಿಯಲ್ಲಿ ಎರಡು ಎಕರೆ ಗದ್ದೆಯನ್ನು ಕಳೆದುಕೊಂಡು ಬೆಳಗ್ಗೆ ಮನೆಗೆ ಬಂದುದನ್ನು ತಂದೆಯವರು ಕಣ್ಣಾರೆ ಕಂಡವರು. ಅಂದಿನಿಂದ ನಮ್ಮ ಮನೆಯ ಹೊಸ್ತಿಲೊಳಗೆ ಇಸ್ಪೀಟಿನ ಎಲೆ ಬರಕೂಡದೆಂಬುದು ಕಟ್ಟಪ್ಪಣೆಯಾಯಿತು. ಅವರು ಬದುಕಿರುವವರೆಗೆ ನಾವು ಅದನ್ನು ಮೀರಲಿಲ್ಲ. ಮನೆಯ ಹೊರಗೆ ಮಾತ್ರ ಮೀರಿದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ನಾವು ದುಡಿಯುತ್ತಿದ್ದ ಕಾರ್ಖಾನೆಯ ಮನರಂಜನಾ ಕೊಠಡಿಯಲ್ಲಿ, 1978ರ ಸುಮಾರಿಗೆ, ಮದರಾಸಿನಿಂದ ಬಂದಿದ್ದ ಹಿರಿಯ ಎಂಜಿನಿಯರರೊಬ್ಬರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾಲ್ವರನ್ನು ಕೂಡಿಸಿ ಬ್ರಿಡ್ಜ್ ಆಟವನ್ನು ಕಲಿಸಿದರು. ಅವರು ಮೊದಲ ದಿನವೇ ಹಾಕಿದ ನಿಯಮ ಒಂದೇ: ಮೇಜಿನ ಮೇಲೆ ಒಂದು ಬಿಡಿಗಾಸೂ ಕಾಣಿಸಕೂಡದು. ಆ ನಿಯಮವನ್ನು ನಾವು ಇಂದಿಗೂ ಪಾಲಿಸುತ್ತಿದ್ದೇವೆ. ನಮ್ಮ ಬಡಾವಣೆಯಿಂದ ಬಹಳ ದೂರವಿಲ್ಲದ ಮುದ್ರಣಾಲಯದಲ್ಲಿ 1996ರಿಂದ ದೇಶದ ನೋಟುಗಳು ರಾಶಿರಾಶಿಯಾಗಿ ಅಚ್ಚಾಗುತ್ತಿವೆ. ಅದರ ನೆರೆಯಲ್ಲೇ ಕುಳಿತು ನಾವು ನಾಲ್ವರು ಮುದುಕರು ಕಾಸಿಲ್ಲದೆ ಇಸ್ಪೀಟು ಆಡುತ್ತೇವೆ ಎಂಬುದು ನಮ್ಮ ಕೂಟದ ಹಳೆಯ ತಮಾಷೆ.

ಜೂಜು ಬೇರೆ, ಬ್ರಿಡ್ಜ್ ಬೇರೆ ಎಂಬುದು ನಮ್ಮಂಥವರ ಸಮಜಾಯಿಷಿ ಮಾತ್ರವಲ್ಲ. ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಆಂಧ್ರಪ್ರದೇಶದ ಒಂದು ಮೊಕದ್ದಮೆಯಲ್ಲಿ ರಮ್ಮಿ ಆಟವು ಮುಖ್ಯವಾಗಿ ಕುಶಲತೆಯ ಆಟವೆಂದು ತೀರ್ಮಾನಿಸಿತು. ಎಲೆ ಹಂಚುವಾಗ ರಮ್ಮಿಯಲ್ಲಿರುವ ಅದೃಷ್ಟವು ಬ್ರಿಡ್ಜ್ ಆಟದ ಹಂಚಿಕೆಯಲ್ಲಿರುವಂಥದೇ ಎಂದು ಆ ತೀರ್ಪು ಹೋಲಿಸಿತು. ಮೂರೆಲೆಯಂತಹ ಆಟವನ್ನು ಬೇರೆಯಾಗಿಯೇ ಇಟ್ಟಿತು. ತಂದೆಯವರಿಗೆ ಇದನ್ನು ಒಮ್ಮೆ ವಿವರಿಸಲು ಹೋಗಿ, "ನ್ಯಾಯಾಧೀಶರು ಗದ್ದೆ ಕಳೆದುಕೊಂಡಿದ್ದಾರೇನಪ್ಪ?" ಎಂಬ ಒಂದೇ ಪ್ರಶ್ನೆಗೆ ನಾವು ಬಾಯಿ ಮುಚ್ಚಿಕೊಂಡೆವು.

ಹೆಬ್ಬಾಳದಲ್ಲಿ ನಾವು ಮನೆ ಕಟ್ಟಿಕೊಂಡಾಗ ಅದು ಮೈಸೂರಿನ ಆಚೆಯೇ ಆಗಿತ್ತು. ಒಂದು ಬದಿಗೆ ಕೈಗಾರಿಕಾ ಪ್ರದೇಶದ ತಗಡಿನ ಚಾವಣಿಗಳು, ಇನ್ನೊಂದು ಬದಿಗೆ ರಾಗಿಯ ಹೊಲ, ನಡುವೆ ಹಳೆಯ ಹಳ್ಳಿ ಮತ್ತು ಅದರ ಕೆರೆ. ಪಾಳಿ ಮುಗಿಸಿ ರಾತ್ರಿ ಬೈಸಿಕಲ್ಲಿನಲ್ಲಿ ಬರುವಾಗ ನರಿಗಳ ಕೂಗು ಕೇಳಿಸುತ್ತಿತ್ತು. ಇಂದು ಆ ನೆಲದ ಗುರುತೇ ಸಿಕ್ಕದು. ವರ್ತುಲ ರಸ್ತೆ ಬಂದಿತು. ಇನ್ಫೋಸಿಸ್ ಸಂಸ್ಥೆಯ ಆವರಣ ಬಂದಿತು. ಅದರೊಳಗೆ ಗ್ರೀಕರ ದೇಗುಲಗಳನ್ನು ನೆನಪಿಸುವ ಕಂಬಸಾಲಿನ ತರಬೇತಿ ಕೇಂದ್ರಗಳು ಎದ್ದವು. ದೇಶದ ಮೂಲೆಮೂಲೆಯ ತರುಣ ತರುಣಿಯರು ಇಲ್ಲಿಗೆ ಬಂದು ತರಬೇತಿ ಪಡೆದು ಹೋಗುತ್ತಾರೆ. ಕೆರೆಯ ಕಥೆ ಬೇರೆ. ಕೊಳಚೆ ನೀರು ಹರಿದು, ಮೂಗು ಮುಚ್ಚಿಕೊಳ್ಳದೆ ಏರಿಯ ಮೇಲೆ ನಡೆಯಲಾಗದಂತಹ ಕಾಲವೊಂದಿತ್ತು. ಇನ್ಫೋಸಿಸ್ ಪ್ರತಿಷ್ಠಾನವು ಅದರ ಪುನರುಜ್ಜೀವನವನ್ನು ಕೈಗೆತ್ತಿಕೊಂಡು, ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕ ಕಟ್ಟಿಸಿತು. ಈಗ ಬೆಳಗಿನ ಹೊತ್ತು ನೀರಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವುದನ್ನು ನೋಡುತ್ತಾ ನಡೆಯಬಹುದು. ಈ ಕೆರೆಯ ದಾರಿಯ ಮಾತು ಮುಂದೆ ಮತ್ತೆ ಬರುವುದರಿಂದ ಇಷ್ಟು ಹೇಳಬೇಕಾಯಿತು.

ಬ್ರಿಡ್ಜ್ ಅರಿಯದ ವಾಚಕರಿಗಾಗಿ ಎರಡು ಮಾತು. ಆಡುವವರು ನಾಲ್ವರು, ಎದುರುಬದುರು ಕುಳಿತವರು ಒಂದು ಜೋಡಿ. ಒಬ್ಬೊಬ್ಬರಿಗೂ ಹದಿಮೂರು ಎಲೆ. ಹದಿಮೂರು ಸುತ್ತುಗಳಲ್ಲಿ ಒಂದೊಂದು ಸುತ್ತನ್ನೂ ಗೆದ್ದರೆ ಅದು ಒಂದು ಟ್ರಿಕ್ಕು. ಆಟಕ್ಕೆ ಮೊದಲು ಹರಾಜು: ಯಾವುದು ತುರುಫು, ಎಷ್ಟು ಟ್ರಿಕ್ಕು ಗೆಲ್ಲುತ್ತೇವೆ ಎಂದು ಜೋಡಿಗಳು ಪೈಪೋಟಿಯಿಂದ ಸಾರುತ್ತವೆ. ಹೆಚ್ಚು ಸಾರಿದವರಲ್ಲಿ ಒಬ್ಬರು ಆಡುತ್ತಾರೆ. ಅವರ ಜೊತೆಗಾರರು ತಮ್ಮ ಹದಿಮೂರೂ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರುತ್ತಾರೆ. ಅವರಿಗೆ ಡಮ್ಮಿ ಎಂದು ಹೆಸರು. ಎದುರಿಗಿರುವವರು ಇಂಥ ಎಲೆ ಹಾಕಿ ಎಂದಾಗ ಹಾಕುವುದಷ್ಟೇ ಡಮ್ಮಿಯ ಕೆಲಸ. ಆಟದ ಬಗ್ಗೆ ಬಾಯಿ ಬಿಡುವಂತಿಲ್ಲ, ಕಣ್ಸನ್ನೆಯೂ ಕೂಡದು. ಒಬ್ಬ ಆಟಗಾರನ ಕೈಗೆ ಬರಬಹುದಾದ ಎಲೆಗಳ ಬಗೆಗಳೇ 63,501 ಕೋಟಿಗೂ ಹೆಚ್ಚು. ಆದ್ದರಿಂದ ನಲವತ್ತು ವರ್ಷ ಆಡಿದವರೂ ಹಿಂದೆ ಬಂದ ಕೈಯನ್ನೇ ಮತ್ತೆ ಕಾಣುವ ಭಯವಿಲ್ಲ.

ಈ ಆಟಕ್ಕೆ ಇಂದಿನ ರೂಪ ಕೊಟ್ಟವರು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್; 1925ರಲ್ಲಿ, ಪನಾಮಾ ಕಾಲುವೆಯ ಮಾರ್ಗವಾಗಿ ಸಾಗುತ್ತಿದ್ದ ಹಡಗಿನಲ್ಲಿ. ಆದರೆ ಎಲೆಯಾಟದ ವಿಷಯದಲ್ಲಿ ಮೈಸೂರಿನವರು ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ಬಗೆಯ ಗಂಜೀಫಾ ಆಟಗಳನ್ನು ರೂಪಿಸಿದರು. ಅವುಗಳ ವಿವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿದೆ. ಕೆಲವು ಆಟಗಳಿಗೆ ಬೇಕಾದ ಎಲೆಗಳು ಮುನ್ನೂರನ್ನೂ ಮೀರುತ್ತಿದ್ದವು! ಐವತ್ತೆರಡನ್ನು ನೆನಪಿಡಲು ಹೆಣಗುವ ನಮಗೆ ಆ ದೊರೆಯ ನೆನಪಿನ ಶಕ್ತಿ ಎಂಥದಿದ್ದಿರಬೇಕೆಂದು ಬೆರಗಾಗುತ್ತದೆ.

ಇನ್ನು ಪ್ರಯಾಣದ ವಿಷಯ. 2018ರಲ್ಲಿ ಜಕಾರ್ತದ ಏಷ್ಯಾ ಕ್ರೀಡಾಕೂಟದಲ್ಲಿ ಬ್ರಿಡ್ಜ್ ಮೊದಲ ಬಾರಿಗೆ ಸೇರ್ಪಡೆಯಾಯಿತು. ಪುರುಷರ ಜೋಡಿ ವಿಭಾಗದಲ್ಲಿ ಬಂಗಾಳದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಭಾರತಕ್ಕೆ ಚಿನ್ನದ ಪದಕ ತಂದರು. ಒಬ್ಬರಿಗೆ 60, ಇನ್ನೊಬ್ಬರಿಗೆ 56 ವರ್ಷ. ಮರುದಿನ ಬೆಳಗ್ಗೆ ನಮ್ಮ ಮಿತ್ರರು ದಿನಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದವರೇ, "ಸ್ವಾಮಿ, ನಾವೂ ಒಂದು ಸಲ ದೊಡ್ಡ ಪಂದ್ಯಾವಳಿ ಆಡಲೇಬೇಕು. ಇನ್ನು ತಡಮಾಡಿದರೆ ಆಗುವುದಿಲ್ಲ" ಎಂದರು. ಈ ಕೊನೆಯ ಮಾತನ್ನು ನಾವು ಅಂದು ವಯಸ್ಸಿನ ಮಾತೆಂದೇ ತಿಳಿದೆವು.

ಮಿತ್ರರು ನಮಗಿಂತ ಎರಡು ವರ್ಷ ಹಿರಿಯರು. ಅದೇ ಕಾರ್ಖಾನೆಯ ಉಗ್ರಾಣ ವಿಭಾಗದಲ್ಲಿದ್ದವರು. ಸಾವಿರಾರು ಬಿಡಿಭಾಗಗಳ ಸಂಖ್ಯೆಗಳನ್ನು ಪುಸ್ತಕ ನೋಡದೆ ಹೇಳುತ್ತಿದ್ದರು. ಭಾನುವಾರ ಆಡಿದ ಆಟದ ಏಳನೆಯ ಸುತ್ತಿನಲ್ಲಿ ಯಾರು ಯಾವ ಎಲೆ ಹಾಕಿದರೆಂಬುದನ್ನು ಗುರುವಾರ ಹೇಳಬಲ್ಲವರಾಗಿದ್ದರು. ನಮ್ಮ ಜೋಡಿಯ ಬಲವೆಲ್ಲ ಅವರದೇ. ನಾವು ಹರಾಜಿನಲ್ಲಿ ಸ್ವಲ್ಪ ಎಚ್ಚರದವರು, ಅಷ್ಟೇ.

ಮರುವರ್ಷ ಚೆನ್ನೈಯಲ್ಲಿ ದೇಶದ ನಾನಾ ಭಾಗಗಳ ಆಟಗಾರರು ಸೇರುವ ಪಂದ್ಯಾವಳಿಯೊಂದಿದೆಯೆಂದು ತಿಳಿದು ಹೆಸರು ಕೊಟ್ಟೆವು. ಮೈಸೂರಿನಿಂದ ಚೆನ್ನೈಗೆ ವಂದೇ ಭಾರತ್ ರೈಲು ಬಂದದ್ದು 2022ರ ನವೆಂಬರಿನಲ್ಲಿ. ಅಂದು ನಮಗೆ ಒಗ್ಗಿದ್ದು ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್. ಅತ್ತಿಗೆಯವರು ಕಟ್ಟಿಕೊಟ್ಟ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನದ ಬುತ್ತಿಯನ್ನು ಶ್ರೀರಂಗಪಟ್ಟಣ ದಾಟುವ ಮೊದಲೇ ಬಿಚ್ಚಿದೆವು. ಮಂಡ್ಯದವರೆಗೂ ಹರಾಜಿನ ಸಂಕೇತಗಳನ್ನು ಪರಸ್ಪರ ಒಪ್ಪಿಸಿಕೊಂಡೆವು. ನಡುನಡುವೆ ಮಿತ್ರರು ತಡೆದು, ಒಂದೇ ಪ್ರಶ್ನೆಯನ್ನು ಎರಡು ಬಾರಿ ಕೇಳಿದರು. ಉತ್ಸಾಹವಿರಬೇಕೆಂದುಕೊಂಡೆವು.

ಪಂದ್ಯದ ಸಭಾಂಗಣವನ್ನು ಹೊಕ್ಕಾಗ ಮೊದಲು ಬೆರಗುಗೊಳಿಸಿದ್ದು ಅಲ್ಲಿನ ಮೌನ. ನಲವತ್ತಕ್ಕೂ ಮೇಲ್ಪಟ್ಟು ಮೇಜುಗಳು, ಮೇಜಿಗೆ ನಾಲ್ವರು, ಆದರೂ ನಮ್ಮ ಮದುವೆಮನೆಗಳಲ್ಲಿ ಊಟದ ಒಂದು ಪಂಕ್ತಿ ಮಾಡುವಷ್ಟು ಸದ್ದೂ ಇಲ್ಲ. ಹರಾಜನ್ನು ಬಾಯಲ್ಲಿ ಹೇಳುವಂತಿಲ್ಲ. ಒಬ್ಬೊಬ್ಬರ ಮಗ್ಗುಲಲ್ಲೂ ಒಂದು ಪುಟ್ಟ ಪೆಟ್ಟಿಗೆ. ಅದರೊಳಗಿನ ಚೀಟಿಗಳಲ್ಲಿ ಬೇಕಾದುದನ್ನು ತೆಗೆದು ಮೇಜಿನ ಮೇಲಿಡಬೇಕು. ಧ್ವನಿಯ ಏರಿಳಿತದಿಂದಲೂ ಜೊತೆಗಾರನಿಗೆ ಸುಳಿವು ಹೋಗಬಾರದೆಂಬುದು ಇದರ ಉದ್ದೇಶ. ಹೆಬ್ಬಾಳದ ನಮ್ಮ ಮೇಜಿನಲ್ಲಿ ಕೆಮ್ಮಿಗೂ ಅರ್ಥವಿತ್ತು, ಕನ್ನಡಕ ಸರಿಪಡಿಸಿಕೊಳ್ಳುವುದಕ್ಕೂ ಅರ್ಥವಿತ್ತು! ಅಲ್ಲಿ ಕುಳಿತ ಮೇಲೆ ನಮ್ಮ ನಲವತ್ತು ವರ್ಷಗಳ ಆಟದಲ್ಲಿ ಎಷ್ಟು ಪಾಲು ಕೆಮ್ಮಿನದೆಂದು ಲೆಕ್ಕ ಹಾಕಿ ನಾಚಿದೆವು.

ಇನ್ನೊಂದು ವಿಶೇಷವನ್ನು ಹೇಳಬೇಕು. ಅಂದು ನಾವು ಆಡಿದ ಬಗೆಯಲ್ಲಿ ಒಳ್ಳೆಯ ಎಲೆ ಬಂದವರು ಗೆಲ್ಲುತ್ತಾರೆಂಬುದೇ ಇಲ್ಲ. ಒಂದು ಮೇಜಿನಲ್ಲಿ ಹಂಚಿದ ಎಲೆಗಳನ್ನು ಖಾನೆಗಳಿರುವ ಪಟ್ಟಿಯಲ್ಲಿಟ್ಟು ಹಾಗೆಯೇ ಮುಂದಿನ ಮೇಜಿಗೆ ಕಳುಹಿಸುತ್ತಾರೆ. ಉತ್ತರ–ದಕ್ಷಿಣದವರು ಕುಳಿತಲ್ಲೇ ಇರುತ್ತಾರೆ; ಪೂರ್ವ–ಪಶ್ಚಿಮದವರು ಒಂದೊಂದು ಮೇಜು ಮುಂದಕ್ಕೆ, ಎಲೆಗಳು ಒಂದೊಂದು ಮೇಜು ಹಿಂದಕ್ಕೆ. ಹೀಗೆ ಅದೇ ಎಲೆಗಳನ್ನು ಹತ್ತಾರು ಜೋಡಿಗಳು ಆಡುತ್ತವೆ. ನಮ್ಮ ಅಂಕ ನಿರ್ಧಾರವಾಗುವುದು ಅದೇ ಎಲೆ ಹಿಡಿದ ಬೇರೆಯವರಿಗಿಂತ ನಾವೇನು ಹೆಚ್ಚು ಮಾಡಿದೆವೆಂಬುದರ ಮೇಲೆ. ಹಣೆಬರಹದ ಮೇಲೆ ಗೂಬೆ ಕೂರಿಸುವ ಅವಕಾಶವನ್ನು ಈ ಏರ್ಪಾಡು ಬಹುಮಟ್ಟಿಗೆ ಕಿತ್ತುಕೊಂಡುಬಿಡುತ್ತದೆ. ಸೋತವನಿಗೆ ಇದಕ್ಕಿಂತ ಕ್ರೂರವಾದುದು ಇನ್ನೊಂದಿಲ್ಲ.

ಮೊದಲ ದಿನ ಸಂಜೆ ನಮ್ಮ ಮೇಜಿಗೆ ಬಂದ ಜೋಡಿಯಲ್ಲಿ ಒಬ್ಬಳು ಕಾಲೇಜು ವಯಸ್ಸಿನ ಹುಡುಗಿ. ನಮ್ಮ ಮೊಮ್ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಹರಾಜು ಮುಗಿದು ಅವರ ಜೋಡಿಯೇ ಆಡಬೇಕಾಗಿತ್ತು. ನಾವು ಮೊದಲ ಎಲೆ ಇಳಿಸುವಷ್ಟರಲ್ಲಿ ಆಕೆ ಕೈ ಎತ್ತಿ ಪಂದ್ಯದ ನಿರ್ದೇಶಕರನ್ನು ಕರೆದಳು. ತನ್ನ ಸಾರಿಕೆಯ ಅರ್ಥವನ್ನು ಜೊತೆಗಾರ ನಮಗೆ ತಪ್ಪಾಗಿ ವಿವರಿಸಿದ್ದಾನೆ, ನಿಜವಾದ ಅರ್ಥ ಇಂಥದು, ಎಂದು ನಿಯಮದಂತೆ ತಿಳಿಸಿದಳು. ಆಕೆ ಹೇಳದಿದ್ದರೆ ನಮಗೆ ತಿಳಿಯುವಂತಿರಲಿಲ್ಲ. ಅವಳ ಮಾತಿನಿಂದಲೇ ನಮಗೆ ಸರಿಯಾದ ದಾರಿ ಸಿಕ್ಕಿತು, ಅವರು ಸೋತರು. ಆಕೆ ಅಂಕವನ್ನು ಅಂಗೈಯಗಲದ ಯಂತ್ರದಲ್ಲಿ ದಾಖಲಿಸಿ, ನಮಗೆ ನಮಸ್ಕರಿಸಿ, ಮುಂದಿನ ಮೇಜಿಗೆ ನಡೆದಳು. ಮುಖದಲ್ಲಿ ತ್ಯಾಗ ಮಾಡಿದವರ ಕಳೆಯೂ ಇರಲಿಲ್ಲ. ತಂದೆಯವರು ಇದ್ದಿದ್ದರೆ ಈ ಒಂದು ಮೇಜನ್ನಾದರೂ ಅವರಿಗೆ ತೋರಿಸಬಹುದಿತ್ತೆಂದು ನಮಗೆ ಅನ್ನಿಸಿತು.

ಎರಡನೆಯ ದಿನ ಬೆಳಗಿನ ಆಟದಲ್ಲಿ ನಾವು ನಡುಮಟ್ಟಕ್ಕಿಂತ ತುಸು ಮೇಲಿದ್ದೆವು. ಮಿತ್ರರು ನಾಲ್ಕು ಇಸ್ಪೀಟು ಸಾರಿದರು. ಎಂದರೆ ಇಸ್ಪೀಟು ತುರುಫಾಗಿ ಹತ್ತು ಟ್ರಿಕ್ಕು ಗೆಲ್ಲಬೇಕು. ನಾವು ಡಮ್ಮಿ. ಎಲೆ ಬಿಚ್ಚಿಟ್ಟೆವು: ಮೂರು ಸಣ್ಣ ತುರುಫು, ಎಕ್ಕ ರಾಜ ರಾಣಿ ಗುಲಾಮರಿರುವ ಐದು ಡೈಮಂಡ್. ಎದುರಾಳಿಗಳು ಮೊದಲ ಎರಡು ಸುತ್ತುಗಳನ್ನು ಆಟೀನಿನಲ್ಲಿ ಗೆದ್ದರು. ಮೂರನೆಯದನ್ನು ಮಿತ್ರರು ತುರುಫು ಹಾಕಿ ಹಿಡಿದರು. ಕಳಾವರಿನಲ್ಲಿ ಇನ್ನೊಂದು ಹೋಗಬೇಕಾಗಿತ್ತು. ಹೋಗಲಿ, ಮೂರು ಹೋದರೂ ಹತ್ತು ಉಳಿಯುತ್ತದೆ. ಎದುರಾಳಿಗಳ ಬಳಿ ಇದ್ದುದು ಐದು ತುರುಫು. ಮಿತ್ರರು ಎಕ್ಕ, ರಾಜ ಎಂದು ಎರಡು ಸುತ್ತು ತುರುಫು ಎಳೆದರು. ಎರಡೂ ಬಾರಿ ಇಬ್ಬರೂ ಎದುರಾಳಿಗಳು ತುರುಫನ್ನೇ ಹಾಕಿದರು. ನಾಲ್ಕು ಹೋಯಿತು, ಒಂದು ಉಳಿಯಿತು. ರಾಣಿ ಮಿತ್ರರ ಕೈಯಲ್ಲೇ ಇತ್ತು. ಆ ಒಂದನ್ನೂ ಎಳೆದು, ಆಮೇಲೆ ಡೈಮಂಡ್‌ಗಳನ್ನು ಸಾಲಾಗಿ ಆಡಿದರಾಯಿತು. ಕಾರ್ಖಾನೆಯ ಊಟದ ಬಿಡುವಿನಲ್ಲಿ ಮೊದಲ ವಾರ ಕಲಿಸಿದ ಪಾಠ.

ಮಿತ್ರರು ಡೈಮಂಡ್ ಕರೆದರು.

ನಾವು ಎಕ್ಕವನ್ನು ಹಾಕಿದೆವು. ಬಾಯಿ ಬಿಡುವಂತಿಲ್ಲ. ಕಣ್ಣೆತ್ತುವಂತೆಯೂ ಇಲ್ಲ. ಮತ್ತೆ ಡೈಮಂಡ್ ಎಂದರು, ರಾಜನನ್ನು ಹಾಕಿದೆವು. ಮನಸ್ಸಿನಲ್ಲಿ, ಇವರು ಯಾವುದೋ ಆಳವಾದ ಯೋಜನೆಯಲ್ಲಿದ್ದಾರೆ, ನಮಗೆ ತಿಳಿಯದು ಎಂದು ಸಮಾಧಾನ ಹೇಳಿಕೊಂಡೆವು. ಮೂರನೆಯ ಬಾರಿ ಡೈಮಂಡ್ ಎಂದಾಗ ನಮ್ಮ ಬೆರಳು ರಾಣಿಯ ಮೇಲೆ ಒಂದು ಕ್ಷಣ ನಿಂತಿತೆಂದು ತೋರುತ್ತದೆ, ಅದೂ ತಪ್ಪೇ. ಕೊನೆಯ ಎಲೆ ಮಿತ್ರರ ಎಡಗಡೆಯವರದು. ಅವರು ಸಾವಧಾನವಾಗಿ ಇಸ್ಪೀಟಿನ ಏಳನ್ನು ಇಳಿಸಿ ರಾಣಿಯನ್ನು ಹೊಡೆದರು. ಹಿಂದೆಯೇ ಕಳಾವರಿನ ಎಕ್ಕ ಬಂದಿತು. ನಾಲ್ಕು ಟ್ರಿಕ್ಕು ಹೋಯಿತು, ಆಟ ಮುಗಿಯಿತು. ಅದೇ ಎಲೆ ಹಿಡಿದ ಬೇರೆಲ್ಲರೂ ಹತ್ತು ಗೆದ್ದಿದ್ದರೆಂದು ಆಮೇಲೆ ಹಾಳೆಯಲ್ಲಿ ಕಂಡೆವು; ನಮ್ಮದಕ್ಕೆ ಸೊನ್ನೆ.

ಸೊನ್ನೆಯ ಚಿಂತೆ ನಮಗಿರಲಿಲ್ಲ. ಮಿತ್ರರ ಮುಖವನ್ನು ನೋಡಿದೆವು. ಅವರು ಆ ಏಳನ್ನೇ ನೋಡುತ್ತಿದ್ದರು. ತಪ್ಪು ಮಾಡಿದವನ ಪಶ್ಚಾತ್ತಾಪವಾಗಲಿ, ಕೋಪವಾಗಲಿ ಅಲ್ಲಿರಲಿಲ್ಲ. ಪರಿಚಯದ ಊರಿನಲ್ಲಿ ದಾರಿ ತಪ್ಪಿದವರ ಮುಖವದು. ಮಿಕ್ಕ ಆಟಗಳನ್ನು ಹೇಗೆ ಆಡಿದೆವೋ ನೆನಪಿಲ್ಲ. ಕೊನೆಗೆ ಶೇಕಡ 46 ಬಂದಿತ್ತು. ಮೊದಲ ಬಾರಿಗೆ ಬಂದ ಮುದುಕರಿಗೆ ಅದು ತೀರ ಅವಮಾನದ ಅಂಕವಲ್ಲವೆಂದು ಪಕ್ಕದ ಮೇಜಿನವರು ಬೆನ್ನು ತಟ್ಟಿದರು. ಚೆನ್ನೈಯಲ್ಲಿ ಕಡಲನ್ನು ನೋಡಬೇಕೆಂದುಕೊಂಡಿದ್ದೆವು. ನೋಡಲಿಲ್ಲ.

ಮರಳುವ ರೈಲಿನಲ್ಲಿ ದೀಪ ಆರಿಸಿದ ಮೇಲೆ ಕೆಳಗಿನ ಮಲಗುಹಲಗೆಯಿಂದ ಮಿತ್ರರ ದನಿ ಕೇಳಿಸಿತು. "ಸ್ವಾಮಿ, ಎಣಿಕೆ ತಪ್ಪಿದ್ದಲ್ಲ. ಆ ಹೊತ್ತಿನಲ್ಲಿ ತುರುಫು ಯಾವುದು ಅನ್ನುವುದೇ ಹೋಗಿಬಿಟ್ಟಿತ್ತು. ಒಂದು ವರ್ಷದಿಂದ ಹೀಗಾಗುತ್ತಿದೆ. ಮನೆಯಲ್ಲಿ ಹೇಳಬೇಡಿ." ನಾವು ಆಗಲಿ ಎಂದೆವು. ಜೋಲಾರಪೇಟೆ ದಾಟಿದ್ದೂ ತಿಳಿಯಿತು, ಬೆಂಗಳೂರು ದಾಟಿದ್ದೂ ತಿಳಿಯಿತು.

ಡಮ್ಮಿಯಾದವನು ಮಾತನಾಡಬಾರದೆಂಬ ನಿಯಮ ಮೇಜಿಗಷ್ಟೇ ಸಂಬಂಧಿಸಿದ್ದೋ, ಗೆಳೆತನಕ್ಕೂ ಸಲ್ಲುವುದೋ? ಆ ಮೇಲಿನ ಮೂರು ವಾರ ಬೆಳಗ್ಗೆ ಕೆರೆಯ ಸುತ್ತ ನಡೆಯುವಾಗ ಇದೇ ಯೋಚನೆ. ಅವರು ಗುಟ್ಟನ್ನು ನಂಬಿ ಒಪ್ಪಿಸಿದ್ದರು, ಕೊಟ್ಟ ಮಾತಿತ್ತು. ಆದರೆ ಅವರು ದಿನವೂ ವರ್ತುಲ ರಸ್ತೆಯನ್ನು ಸ್ಕೂಟರಿನಲ್ಲಿ ದಾಟಿ ಮೊಮ್ಮಗನನ್ನು ಶಾಲೆಗೆ ಬಿಡುತ್ತಿದ್ದರು. ಕೊನೆಗೆ ಒಂದು ಸೋಮವಾರ ಅವರಿಲ್ಲದ ಹೊತ್ತು ನೋಡಿ ಅತ್ತಿಗೆಯವರಿಗೆ ಹೇಳಿಬಿಟ್ಟೆವು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನನಗೂ ಅನುಮಾನವಿತ್ತು ಕಣಪ್ಪ, ಅವರಿಗೆ ನೋವಾಗುತ್ತೆ ಅಂತ ನಾನೂ ಸುಮ್ಮನಿದ್ದೆ" ಎಂದರು. ಮಕ್ಕಳು ಬಂದರು, ವೈದ್ಯರಲ್ಲಿಗೆ ಕರೆದೊಯ್ದರು, ಸ್ಕೂಟರಿನ ಬೀಗದ ಕೈ ಮಗನ ಬಳಿ ಹೋಯಿತು. ಮಿತ್ರರು ನಮ್ಮೊಡನೆ ಒಂದು ತಿಂಗಳು ಮಾತು ಬಿಟ್ಟರು. ಅವರ ಮನೆಯ ಮುಂದೆ ಹಾದುಹೋಗುವಾಗ ಜಗಲಿಯ ಮೇಲೆ ಕುಳಿತವರು ಮುಖ ತಿರುಗಿಸುತ್ತಿದ್ದರು.

2020ರ ಮಹಾಮಾರಿಯ ಕಾಲದಲ್ಲಿ ಜಗತ್ತಿನ ಬ್ರಿಡ್ಜ್ ಆಟವೆಲ್ಲ ಗಣಕಯಂತ್ರದ ಪರದೆಗೆ ಏರಿತು. ನಮ್ಮ ಮೇಜು ಮಡಚಿ ಗೋಡೆಗೆ ಒರಗಿತು. ಆ ವೇಳೆಗೆ ಅವರ ಕೋಪ ಇಳಿದಿತ್ತು. ಇಳಿಯಿತೋ, ಕೋಪದ ಕಾರಣವೇ ಮರೆಯಿತೋ ನಾವು ಅರಿಯೆವು, ಕೇಳುವ ಧೈರ್ಯವೂ ಆಗಲಿಲ್ಲ. ಭಾರತದ ಪುರುಷರ ತಂಡವು 2023ರಲ್ಲಿ ಹಾಂಗ್‌ಝೌ ಕ್ರೀಡಾಕೂಟದ ಫೈನಲಿನಲ್ಲಿ ಹಾಂಗ್‌ಕಾಂಗ್ ತಂಡಕ್ಕೆ ಸೋತು ಬೆಳ್ಳಿ ಪಡೆದ ಸುದ್ದಿಯನ್ನು ನಾವೇ ಅವರಿಗೆ ಓದಿ ಹೇಳಿದೆವು. "ಎಷ್ಟು ವಯಸ್ಸಿನವರು?" ಎಂದು ಕೇಳಿದರು.

ಈಗಲೂ ಭಾನುವಾರ ಸಂಜೆ ನಾಲ್ವರೂ ಅವರ ಮನೆಯಲ್ಲಿ ಸೇರುತ್ತೇವೆ. ಮಿತ್ರರ ಮಗನೇ ತಂದೆಯ ಜಾಗದಲ್ಲಿ ಕುಳಿತು ಆಡಲು ಕಲಿಯುತ್ತಿದ್ದಾನೆ. ಕೆಮ್ಮನ್ನು ನಾವು ನಿಷೇಧಿಸಿದ್ದೇವೆ. ಎಲೆ ಕಲಸುವುದು, ಹಂಚುವುದು ಮಾತ್ರ ಮಿತ್ರರದು. ಅವರ ಬೆರಳುಗಳು ಏನನ್ನೂ ಮರೆತಿಲ್ಲ. ಹದಿಮೂರು ಹದಿಮೂರಾಗಿ, ಒಂದೂ ಹೆಚ್ಚುಕಡಿಮೆಯಾಗದಂತೆ ನಾಲ್ಕು ರಾಶಿ ಮಾಡಿಟ್ಟು, ಡಮ್ಮಿಯಾದವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳುತ್ತಾರೆ. ಕಳೆದ ವಾರ ನಾವು ಆಡುತ್ತಿದ್ದಾಗ ಎರಡು ಸುತ್ತು ತುರುಫು ಎಳೆದು ತುಸು ಯೋಚಿಸುತ್ತಾ ನಿಂತೆವು. ಅವರು ನಮ್ಮ ತೋಳನ್ನು ಮುಟ್ಟಿ, ಬಗ್ಗಿ, ಕಿವಿಯಲ್ಲಿ ಹೇಳಿದರು: "ಇನ್ನೊಂದಿದೆ."